ಜಗಲಿಯಿಂದ ಸೋಫಾದವರೆಗೆ

ಕೇಟಿಯ ನಮ್ಮ ಮನೆಗಳಿಗೆ ಊರಿನಿಂದ ಬರುವ ಹಿರಿಯರಲ್ಲಿ ಹಲವರು ಕೆಲವೇ ದಿನಗಳಲ್ಲಿ ಕೇಳುವ ಪ್ರಶ್ನೆಯೊಂದಿದೆ: ಇಲ್ಲಿ ಹೊರಗೆ ಕೂರುವುದೆಲ್ಲಿ? ಒಳಗೆ ವಿಶಾಲವಾದ ಸೋಫಾ ಇರುತ್ತದೆ, ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಆಸನಗಳ ಚರಿತ್ರೆಯನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ.

ಕನ್ನಡನಾಡಿನಲ್ಲಿ ಹಲವರು ಜೊತೆಯಾಗಿ ಕೂರುವ ಆಸನವು ಬಹುಕಾಲ ಕಟ್ಟಡದ ಅಂಗವೇ ಆಗಿತ್ತು. ಐಹೊಳೆಯ ಲಾಡಖಾನ ಗುಡಿಯ ಮುಖಮಂಟಪದ ಅಂಚಿನಲ್ಲಿ ಒರಗಿ ಕೂರುವ ಕಲ್ಲಿನ ಕಕ್ಷಾಸನವಿದೆ. ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯವು ನಿಂತಿರುವ ಎತ್ತರದ ವೇದಿಕೆಗೆ ಜಗತಿಯೆಂದು ಹೆಸರು. ಹೆಸರಿನಲ್ಲಿಯೂ ರೂಪದಲ್ಲಿಯೂ ಅದು ನಮ್ಮ ಜಗಲಿಯನ್ನು ನೆನಪಿಸುತ್ತದೆ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಇಳಿಜಾರಾದ ಮಾಡಿನ ಕೆಳಗಿನ ಜಗಲಿಯೇ ಅತಿಥಿಗೆ ಆಸನ, ಮಕ್ಕಳಿಗೆ ಪಾಠಶಾಲೆ, ಹಿರಿಯರಿಗೆ ಎಲೆಯಡಿಕೆಯ ತಾಣ. ಒಳಗೆ ಊಟಕ್ಕೆ ಮಣೆ, ಅನುಕೂಲವಿದ್ದವರಲ್ಲಿ ತೂಗುಮಣೆ.

ಆದರೆ ಜಗಲಿಯನ್ನು ಕೇವಲ ಹೊಗಳುವುದು ನ್ಯಾಯವಲ್ಲ. ಯಾರು ಒಳಗೆ ಬರಬೇಕು, ಯಾರು ಜಗಲಿಯಲ್ಲೇ ಉಳಿಯಬೇಕು, ಯಾರು ಅಂಗಳದಲ್ಲಿ ನಿಂತೇ ಮಾತನಾಡಬೇಕು ಎಂಬುದನ್ನು ಜಾತಿಯು ನಿರ್ಧರಿಸುತ್ತಿತ್ತು. ಗಂಡಸರು ಹೊರಗೆ ಕುಳಿತು ಹರಟುವಾಗ ಹೆಂಗಸರು ಬಾಗಿಲ ಹಿಂದೆ ನಿಲ್ಲುತ್ತಿದ್ದ ಮನೆಗಳೂ ಬಹಳ.

ಸೋಫಾದ ಮೂಲವೂ ಕುತೂಹಲಕರವಾದುದು. ಈ ಪದ ಅರಬ್ಬಿಯ ‘ಸುಫ್ಫಾ’ದಿಂದ ಬಂದದ್ದು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಕಾಲುಗಳುಳ್ಳ ಪೀಠವಲ್ಲ. ಕಂಬಳಿ, ದಿಂಬುಗಳನ್ನು ಹಾಸಿದ ಎತ್ತರದ ನೆಲ. ಎಂದರೆ ಸೋಫಾ ಕೂಡ ಮೊದಲಿಗೆ ಒಂದು ಬಗೆಯ ಜಗಲಿಯೇ! ಯೂರೋಪಿನ ಚಳಿಯಲ್ಲಿ ಅಗ್ಗಿಷ್ಟಿಕೆಯ ಬಳಿ ಗಾಳಿ ತಡೆಯಲು ಎತ್ತರದ ಬೆನ್ನಿನ ಮರದ ಬೆಂಚು ಬಳಕೆಯಲ್ಲಿತ್ತು. ಮೆತ್ತೆ ಸೇರಿದಂತೆಲ್ಲ ಅಂಥ ಆಸನಗಳು ಇಂದಿನ ಸೆಟ್ಟಿಯ ರೂಪಕ್ಕೆ ಹತ್ತಿರವಾದವು.

ಟೆಕ್ಸಾಸಿನ ಹಳೆಯ ಮನೆಗಳಿಗೂ ಮುಂಬದಿಯ ಪೋರ್ಚ್ ಇತ್ತು. ಸೆಕೆಯ ಸಂಜೆಗಳನ್ನು ಜನ ಅಲ್ಲಿಯೇ ಕಳೆಯುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಹವಾನಿಯಂತ್ರಣವೂ ದೂರದರ್ಶನವೂ ಮನೆಮನೆಗೆ ಬಂದವು, ಕಾರಿನ ಗ್ಯಾರೇಜು ಮನೆಯ ಮುಖವಾಯಿತು. ಕೂರುವ ಜಾಗ ಒಳಗೆ, ಇಲ್ಲವೇ ಬೇಲಿಯ ಹಿಂದಿನ ಹಿತ್ತಲಿಗೆ ಸರಿಯಿತು. ನಮ್ಮ ಬಡಾವಣೆಗಳಲ್ಲಿ ಬಾಗಿಲ ಬಳಿ ಇಟ್ಟ ಬೆಂಚು ಹೆಚ್ಚಾಗಿ ಅಲಂಕಾರಕ್ಕಷ್ಟೇ ಮೀಸಲು.

ವೈದ್ಯರಾಗಿ ನಾವು ಎರಡು ಮಾತುಗಳನ್ನು ಸೇರಿಸಬಯಸುತ್ತೇವೆ. ತಗ್ಗಾದ, ಮೆತ್ತನೆಯ ಸೋಫಾದಿಂದ ಏಳುವುದು ಮೊಣಕಾಲು ನೋವಿರುವವರಿಗೆ ಕಷ್ಟ. ಗಟ್ಟಿಯಾದ, ಮೊಣಕಾಲಿನೆತ್ತರದ, ಕೈಯೂರಲು ಆಸರೆಯಿರುವ ಆಸನವೇ ಹಿತ. ಎರಡನೆಯದಾಗಿ, ಒಂಟಿತನವೂ ಆರೋಗ್ಯವನ್ನು ಕುಂದಿಸುತ್ತದೆ. ಬಿಸಿಲಿಳಿದ ಸಂಜೆಗಳಲ್ಲಿ ಅಂಥದೊಂದು ಬೆಂಚಿನ ಮೇಲೆ ತಂದೆತಾಯಿಯರನ್ನು ಕೂರಿಸಿ, ಜೊತೆಗೆ ನಾವೂ ಕೂರೋಣ. ದಾರಿಯಲ್ಲಿ ನಡೆಯುವ ನೆರೆಯವರನ್ನು, ಅವರು ಯಾವ ನಾಡಿನವರೇ ಆಗಿರಲಿ, ಪಕ್ಕಕ್ಕೆ ಕರೆಯೋಣ. ಹಳೆಯ ಜಗಲಿ ಎಲ್ಲರಿಗೂ ಕೊಡದಿದ್ದ ಸ್ಥಾನವನ್ನು ಈ ಹೊಸ ಜಗಲಿಯಾದರೂ ಕೊಡಲಿ.