ಸೋತವರಿಗೂ ಒಂದು ನೆಲೆ: ಕೂಂಡಿ ನಾಡಿನ ರಟ್ಟರು

ಒಂದು ರಾಜಸತ್ತೆಯ ನಿಜವಾದ ಸ್ವಭಾವವನ್ನು ಅರಿಯಬೇಕಾದರೆ, ಅದು ಯಾರನ್ನು ಗೆದ್ದಿತು ಎನ್ನುವುದಕ್ಕಿಂತ ಸೋತವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ನೋಡಬೇಕು. ಇದಕ್ಕಾಗಿ ನಾವು ರೋಮ್ ಮತ್ತು ಕಾರ್ಥೇಜ್‌ಗಳ ಚರಿತ್ರೆಯವರೆಗೆ ಹೋಗಬೇಕಾಗಿಲ್ಲ. ಘಟಪ್ರಭೆಯ ಬಯಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ.

ಸುಮಾರು 753ರಲ್ಲಿ ರಾಷ್ಟ್ರಕೂಟ ದಂತಿದುರ್ಗನು ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನನ್ನು ಸೋಲಿಸಿದನು. ಅಲ್ಲಿಂದ ಎರಡು ಶತಮಾನಗಳ ಕಾಲ ರಾಷ್ಟ್ರಕೂಟರದೇ ಪ್ರಾಬಲ್ಯ. ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಅವರ ರಾಜಧಾನಿಯಾಯಿತು. 851ರ ವೇಳೆಗೆ ಅರಬ್ ವರ್ತಕ ಸುಲೈಮಾನನ ವೃತ್ತಾಂತವು ಅವರ ಅರಸನನ್ನು ‘ಬಲ್ಹರಾ’, ಅಂದರೆ ವಲ್ಲಭರಾಜ, ಎಂದು ಕರೆದು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ಅರಬರ ಬಗ್ಗೆ ಅವನಿಗಿದ್ದ ಒಲವನ್ನೂ ಅದು ಸ್ಮರಿಸುತ್ತದೆ.

ಆ ವೈಭವದ ದಿನಗಳಲ್ಲಿ ಚಾಲುಕ್ಯ ವಂಶದವರೆಂದು ಹೇಳಿಕೊಂಡವರು ಸಾಮಂತರಾಗಿ ತಲೆಬಾಗಿ ಬದುಕಿದರು. ಅವರಲ್ಲೊಬ್ಬನಾದ ತೈಲಪನು ವಿಜಯಪುರದ ಕಡೆಯ ತರ್ದವಾಡಿ ನಾಡನ್ನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೃಪೆಯಿಂದ ಆಳುತ್ತಿದ್ದನು. ಆದರೆ ಕಾಲಚಕ್ರ ತಿರುಗಿತು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಲೂಟಿ ಮಾಡಿದನು. ಮರುವರ್ಷವೇ ತೈಲಪನು ಎರಡನೆಯ ಕರ್ಕನನ್ನು ಉರುಳಿಸಿ ಸಿಂಹಾಸನವೇರಿದನು. ರಾಷ್ಟ್ರಕೂಟ ನಾಲ್ಕನೆಯ ಇಂದ್ರನನ್ನು ಪಟ್ಟಕ್ಕೆ ತರಲು ಗಂಗ ಮಾರಸಿಂಹನು ನಡೆಸಿದ ಯತ್ನ ವಿಫಲವಾಯಿತು. 982ರಲ್ಲಿ ಇಂದ್ರನು ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ಪ್ರಾಣತ್ಯಾಗ ಮಾಡಿದನು.

ಹಾಗಾದರೆ ಸೋತವರ ಬಂಧುಬಳಗದ ಗತಿಯೇನಾಯಿತು? ತೈಲಪನ ರಾಣಿ ಜಾಕವ್ವೆ ರಾಷ್ಟ್ರಕೂಟ ಕುಲದ ಭಮ್ಮಹನ ಮಗಳು. ಮುಂದೆ ಪಟ್ಟವೇರಿದ ಸತ್ಯಾಶ್ರಯನು ಆಕೆಯ ಮಗ. ಇಂದಿನ ಬೆಳಗಾವಿ ಜಿಲ್ಲೆಯ ಬಹುಭಾಗವನ್ನು ಒಳಗೊಂಡ ಕೂಂಡಿ ಮೂರುಸಾವಿರ ನಾಡಿನಲ್ಲಿ ರಟ್ಟ ಮನೆತನದ ಕಾರ್ತವೀರ್ಯನು ತೈಲಪನ ಸಾಮಂತನಾಗಿದ್ದುದನ್ನು 980ರ ಸೊಗಲ ಶಾಸನ ತಿಳಿಸುತ್ತದೆ. ರಟ್ಟರು ತಮ್ಮನ್ನು ರಾಷ್ಟ್ರಕೂಟರ ವಂಶಸ್ಥರೆಂದು ಕರೆದುಕೊಂಡವರು. ರಾಷ್ಟ್ರಕೂಟರ ಮೂಲಸ್ಥಾನವಾದ ಲಟ್ಟಲೂರಿನ ಹೆಸರಿನ ಬಿರುದನ್ನು ಅವರು ಚಾಲುಕ್ಯರ ಆಳ್ವಿಕೆಯಲ್ಲಿಯೂ ನಿರ್ಭಯವಾಗಿ ಧರಿಸಿದರು.

ಇದನ್ನು ಕೇವಲ ಕರುಣೆ ಎನ್ನಲಾಗದು. ಸೆರೆಸಿಕ್ಕ ಮಾಳವದ ಮುಂಜನನ್ನು ಕೊಲ್ಲಿಸಿದವನೂ ಇದೇ ತೈಲಪ. ಆದರೆ ತಲೆತಲಾಂತರದಿಂದ ಸಾಮಂತಿಕೆಯನ್ನು ಅನುಭವಿಸಿದ ಮನೆತನಕ್ಕೆ ಒಂದು ಸತ್ಯ ತಿಳಿದಿತ್ತು: ನೆಲೆ ಕಳೆದುಕೊಂಡವನು ವೈರಿಯಾಗಿಯೇ ಉಳಿಯುತ್ತಾನೆ, ಗೌರವದ ನೆಲೆ ಪಡೆದವನು ನಾಡು ಕಟ್ಟುತ್ತಾನೆ.

ರಟ್ಟರು ನಾಡನ್ನು ಕಟ್ಟಿದರು. ಸವದತ್ತಿಯಿಂದಲೂ ಅನಂತರ ವೇಣುಗ್ರಾಮ, ಅಂದರೆ ಬೆಳಗಾವಿಯಿಂದಲೂ ಆಳಿದರು. ಅವರ ಕಾಲದ ಶಾಸನಗಳು ಗೋಕಾಕ ತಾಲೂಕಿನ ಕೊಣ್ಣೂರಿನಲ್ಲಿವೆ. ಬೆಳಗಾವಿ ಕೋಟೆಯ ಕಮಲಬಸದಿ ಅವರ ಮಂತ್ರಿಯ ನಿರ್ಮಾಣ. ಅವರಿಗೆ ನೆಲೆ ಕೊಟ್ಟ ಚಾಲುಕ್ಯ ಸಾಮ್ರಾಜ್ಯವು ಹನ್ನೆರಡನೆಯ ಶತಮಾನದ ಕೊನೆಗೆ ಅಳಿಯಿತು. ರಟ್ಟರು ಮಾತ್ರ 1228ರವರೆಗೂ ಉಳಿದು, ಬಳಿಕ ಸೇವುಣರ ದಂಡನಾಯಕ ವೀಚಣನಿಗೆ ಸೋತರು.

753ರಲ್ಲಿ ಸೋತವರ ವಾರಸುದಾರರು 973ರಲ್ಲಿ ಗೆದ್ದರು. ಗೆದ್ದವರೂ ಒಂದು ದಿನ ಅಳಿದರು. ಅಧಿಕಾರದ ದಿನಗಳು ಯಾರ ಮನೆಯಲ್ಲಿಯೂ ಶಾಶ್ವತವಾಗಿ ತಂಗುವುದಿಲ್ಲ. ಗೆಲುವಿನ ದಿನ ನಾವು ಎದುರಾಳಿಗೆ ಉಳಿಸಿಕೊಡುವ ಮಾನವೇ ನಮ್ಮ ಗೆಲುವಿನ ಅಳತೆಗೋಲು. ಕೊಣ್ಣೂರಿನ ಕಲ್ಲುಗಳ ಮುಂದೆ ನಿಂತಾಗ ನಮ್ಮ ಮಕ್ಕಳಿಗೆ ಹೇಳಬೇಕಾದ ಪಾಠ ಇದುವೇ.