ಸರಕಿನ ಫೋಟೋದಲ್ಲಿ ಹೊತ್ತವರು ಯಾಕಿಲ್ಲ?

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಓದಿ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ನಮ್ಮ ಜಿಲ್ಲೆಯ ಡ್ರೋನ್ ಫೋಟೋಗಳಿಗೆ ಲೆಕ್ಕವೇ ಇಲ್ಲ. ಬಂಡೆ ಬೆಟ್ಟಗಳ ಪಕ್ಕದಲ್ಲಿ ಹಾವಿನಂಗೆ ಹರಿದ ರಸ್ತೆ, ಅದರ ಮೇಲೆ ಕಡ್ಡಿಪೆಟ್ಟಿಗೆಯಂತೆ ಕಾಣುವ ಲಾರಿಗಳು, ಕಂಟೇನರುಗಳು, ಬಿಡದಿಯಿಂದ ಹೊಸ ಕಾರು ಹೊತ್ತು ಹೋಗುವ ಟ್ರೈಲರುಗಳು. ನೋಡೋಕೆ ಚೆಂದ. ಆದರೆ ಅಷ್ಟು ಎತ್ತರದಿಂದ ಮನುಷ್ಯರು ಕಾಣಲ್ಲ. ಲಾರಿ ತುಂಬಿದವರು ಯಾರು, ಇಳಿಸುವವರು ಯಾರು, ಅದರೊಳಗಿನ ವಸ್ತು ಮಾಡಿದವರು ಯಾರು ಅನ್ನೋದು ಆ ಚಿತ್ರದೊಳಗೆ ಬರಲ್ಲ.

ಇದು ಡ್ರೋನ್ ಬಂದ ಮೇಲೆ ಶುರುವಾದ ಸಂಗತಿ ಅಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಿಂದ ಸರಕು ಹೊರಗೆ ಹೋಗೋಕೆ ಶುರುವಾಗಿ ತಲೆಮಾರುಗಳೇ ಕಳೆದಿವೆ. ಕ್ಯಾಮೆರಾ ಮೈಸೂರು ಸೀಮೆಯ ಬಡವರ ಕಡೆ ತಿರುಗಿ ಸುಮಾರು ನೂರೈವತ್ತು ವರ್ಷವಾಯಿತು. ಈ ಎರಡೂ ಚರಿತ್ರೆಯನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಷಯ ಗೊತ್ತಾಗುತ್ತೆ. ಸರಕಿನ ಚಿತ್ರ ಒಂದು ಕಡೆ ಇದೆ, ಹೊತ್ತವರ ಚಿತ್ರ ಇನ್ನೊಂದು ಕಡೆ ಇದೆ. ಎರಡೂ ಒಂದೇ ಚೌಕಟ್ಟಿನೊಳಗೆ ಬಂದದ್ದು ತೀರಾ ಕಡಿಮೆ.

ಮೊದಲು ಬರದ ಕಾಲಕ್ಕೆ ಹೋಗೋಣ. 1876ರಿಂದ 78ರವರೆಗಿನ ಧಾತು-ಈಶ್ವರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿಯಿತು. ಬರದಲ್ಲಿ ಮೊದಲು ಖಾಲಿಯಾಗೋದು ನೆಲ ಇಲ್ಲದವರ ಮನೆ, ಅಂದ್ರೆ ನಮ್ಮ ಕೇರಿಗಳು. ಆಗ ವಿಲೋಬಿ ಹೂಪರ್ ಅನ್ನುವ ಮದ್ರಾಸ್ ಸೈನ್ಯದ ಅಧಿಕಾರಿ ಮೂಳೆ ಚಕ್ಕಳವಾದ ಜನರನ್ನು ಸಾಲಾಗಿ ಕೂರಿಸಿ ಫೋಟೋ ತೆಗೆದ. 1877ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಗಂಜಿಗೆ ಕಾದು ನಿಂತವರ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷದ ಮತ್ತೊಂದು ಚಿತ್ರದಲ್ಲಿ ಮದ್ರಾಸ್ ಕಡಲ ದಂಡೆ ಮೇಲೆ ಧಾನ್ಯದ ಮೂಟೆಗಳು ಗುಡ್ಡದಂತೆ ಪೇರಿಸಿವೆ. ಬರದ ಆ ವರ್ಷಗಳಲ್ಲೇ ಭಾರತದಿಂದ ಇಂಗ್ಲೆಂಡಿಗೆ 3 ಲಕ್ಷ ಟನ್ನಿಗೂ ಮಿಕ್ಕಿ ಗೋಧಿ ಹಡಗು ಹತ್ತಿತು.

ಹಸಿದವರ ಫೋಟೋ ಇದೆ. ಮೂಟೆಯ ಚಿತ್ರ ಇದೆ. ಎರಡನ್ನೂ ಬೇರೆ ಬೇರೆ ನೋಡಿದವರಿಗೆ ಹಸಿವು ಅನ್ನೋದು ಮಳೆರಾಯನ ಕೋಪ, ಮೂಟೆ ಅನ್ನೋದು ವ್ಯಾಪಾರ. ಒಟ್ಟಿಗೆ ನೋಡಿದರೆ ಮಾತ್ರ ಅದು ಆಡಳಿತ ಮಾಡಿದ ಅನ್ಯಾಯ ಅಂತ ಕಾಣುತ್ತೆ.

ಬೆಂಗಳೂರು–ಮೈಸೂರು ರೈಲು ದಾರಿ ಕೂಡ ಹುಟ್ಟಿದ್ದು ಆ ಬರದಲ್ಲೇ. ಬರ ಪರಿಹಾರದ ಕಾಮಗಾರಿಯಾಗಿ ಮಣ್ಣಿನ ಕೆಲಸ ಶುರುವಾಗಿ, 1882ರ ಹೊತ್ತಿಗೆ ರೈಲು ಮೈಸೂರು ಮುಟ್ಟಿತು. ಕ್ಲೋಸ್‌ಪೇಟೆ, ಚನ್ನಪಟ್ಟಣ ಎರಡೂ ಆ ದಾರಿಯ ಮೇಲಿನ ಊರುಗಳು. (ಕ್ಲೋಸ್‌ಪೇಟೆ ಅಂದ್ರೆ ರಾಮನಗರ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರು. ಭೂವಿಜ್ಞಾನಿಗಳು ಇವತ್ತಿಗೂ ನಮ್ಮ ಬಂಡೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೀತಾರೆ. 250 ಕೋಟಿ ವರ್ಷದ ಬಂಡೆಗೆ ಸಾಹೇಬನ ಹೆಸರು ಅಂಟಿದೆ, ಅದನ್ನು ಒಡೆದವರ ಒಂದು ಹೆಸರೂ ಇಲ್ಲ.) ಇವತ್ತು ಆ ಹಳಿ ಮೇಲೆ ಹೋಗುವವರಿಗೆ ಕೆಳಗಿನ ಏರಿಯ ಮಣ್ಣು ಗಂಜಿಗಾಗಿ ಹೊತ್ತದ್ದು ಅಂತ ಯಾರು ಹೇಳ್ತಾರೆ?

ಈಗ ರೇಷ್ಮೆಗೆ ಬನ್ನಿ. ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಸಿದ ಕಥೆ ಎಲ್ಲರಿಗೂ ಗೊತ್ತು. 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಮಿಲ್ ಬಂತು. ಎರಡನೇ ಮಹಾಯುದ್ಧದಲ್ಲಿ ಮೈಸೂರು ರೇಷ್ಮೆಗೆ ಪ್ಯಾರಾಚೂಟ್ ಬಟ್ಟೆಗಾಗಿ ಬೇಡಿಕೆ ಏರಿತು. ಇವತ್ತು ರಾಮನಗರದ ಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಮ್ಮೆಯಿಂದ ಹೇಳ್ತೀವಿ. ರೈತರು ಲಾಟು ಸುರೀತಾರೆ, ರೀಲರುಗಳು ಹರಾಜು ಕೂಗ್ತಾರೆ, ಹಳದಿ ಬಿಳಿ ಗೂಡಿನ ರಾಶಿ ಫೋಟೋದಲ್ಲಿ ಮಿಂಚುತ್ತೆ. ಫೋಟೋಗ್ರಾಫರುಗಳು ಅಲ್ಲಿಗೆ ತಪ್ಪದೆ ಬರ್ತಾರೆ.

ಆ ಗೂಡು ಮಾರುಕಟ್ಟೆ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ಹಿಂದೆ ಹೋದವರು ಕಡಿಮೆ. ಗೂಡನ್ನು ಕುದಿಯುವ ನೀರಲ್ಲಿ ಬೇಯಿಸಿ, ಎಳೆ ಹುಡುಕಿ, ನೂಲು ಬಿಚ್ಚಬೇಕು. ನಮ್ಮವ್ವ ಒಂದು ಘಟಕದಲ್ಲಿ ಒಂಬತ್ತು ವರ್ಷ ಆ ಕೆಲಸ ಮಾಡಿದರು. ಬೆರಳ ಸಂದಿಯ ಹುಣ್ಣು ಒಣಗಿದ್ದು ನಾನು ನೋಡಲೇ ಇಲ್ಲ. ಸತ್ತ ಹುಳದ ವಾಸನೆ ಸೀರೆ ಒಗೆದರೂ ಹೋಗುತ್ತಿರಲಿಲ್ಲ. ಅವ್ವನ ಪಕ್ಕದಲ್ಲಿ ಕೂರುತ್ತಿದ್ದ ಬೀಬಿ ಚಿಕ್ಕಮ್ಮನ ಕೈಯೂ ಹಂಗೇ ಇತ್ತು. ಈ ಉದ್ಯಮದ ಕೂಲಿ ದಲಿತರು ಮತ್ತು ಬಡ ಮುಸ್ಲಿಮರ ಬೆರಳಿನ ಮೇಲೆ ನಿಂತಿದೆ.

2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ತಂತು. ಅದರಲ್ಲಿ ನಮ್ಮ ರಾಮನಗರ, ಮಾಗಡಿಯ ಹೆಸರು ಬಂತು. ಅಪ್ಪ ಅಮ್ಮ ಪಡೆದ ಮುಂಗಡಕ್ಕೆ ನೂಲು ಬಿಚ್ಚುವ, ಹುರಿ ಮಾಡುವ ಘಟಕಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಮಾತುಗಳು ಅಲ್ಲಿದ್ದವು. "ಜಿಲ್ಲೆಯ ಮರ್ಯಾದೆ ತೆಗೆದರು" ಅಂತ ಆಗ ಬೇಜಾರಾದವರಿದ್ದರು. ಮಕ್ಕಳ ಕೈ ಬೇಯುವಾಗ ಹೋಗದ ಮರ್ಯಾದೆ ವರದಿ ಬಂದಾಗ ಹೋಯಿತಂತೆ!

ಅಮೆರಿಕದಲ್ಲೂ ಹಿಂಗೇ ಆಗಿತ್ತು. ಲೂಯಿಸ್ ಹೈನ್ ಅನ್ನುವ ಮೇಷ್ಟ್ರು 1908ರಿಂದ ಅಲ್ಲಿನ ನೂಲಿನ ಮಿಲ್ಲು, ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದ. ಒಳಗೆ ಬಿಡುತ್ತಿರಲಿಲ್ಲ ಅಂತ ಬೈಬಲ್ ಮಾರುವವನ ವೇಷ ಹಾಕಿದ. ತನ್ನ ಕೋಟಿನ ಗುಂಡಿಗಳ ಅಳತೆಯಲ್ಲಿ ಮಗುವಿನ ಎತ್ತರ ಗುರುತು ಮಾಡಿಕೊಳ್ಳುತ್ತಿದ್ದ. ವಯಸ್ಸು, ಕೆಲಸ, ಊರು ಎಲ್ಲ ಬರೆದುಕೊಳ್ಳುತ್ತಿದ್ದ. ಮಕ್ಕಳ ದುಡಿಮೆಗೆ ಗಟ್ಟಿ ಕಡಿವಾಣ ಹಾಕಿದ ಕೇಂದ್ರ ಕಾನೂನು ಬಂದದ್ದು 1938ರಲ್ಲಿ, ಅಂದ್ರೆ ಮೂವತ್ತು ವರ್ಷ ಹಿಡೀತು. ಫೋಟೋ ಒಂದರಿಂದಲೇ ಆಯಿತು ಅಂತ ನಾನು ಹೇಳಲ್ಲ. ಮಗುವಿನ ಜೊತೆ ಯಂತ್ರ, ಊರು, ತಾರೀಕು ಎಲ್ಲ ಇದ್ದದ್ದರಿಂದ ಆ ಫೋಟೋ ಕನಿಕರ ಹುಟ್ಟಿಸಿ ಸುಮ್ಮನಾಗಲಿಲ್ಲ, ಸಾಕ್ಷಿಯಾಗಿ ನಿಂತಿತು.

ನಮ್ಮ ಕಲ್ಲಿನ ಕಥೆ ಇನ್ನೂ ಕಷ್ಟದ್ದು. ನಮ್ಮ ಬಂಡೆಗಳಷ್ಟು ಕ್ಯಾಮೆರಾ ಕಂಡ ಬಂಡೆಗಳು ದೇಶದಲ್ಲಿ ಕಡಿಮೆ. 1975ರಲ್ಲಿ ತೆರೆಗೆ ಬಂದ 'ಶೋಲೆ'ಗೆ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಊರನ್ನೇ ಕಟ್ಟಿದರು. 1984ರ 'ಎ ಪ್ಯಾಸೇಜ್ ಟು ಇಂಡಿಯಾ'ಕ್ಕೆ ಡೇವಿಡ್ ಲೀನ್ ಮಾಗಡಿಯ ಸಾವನದುರ್ಗಕ್ಕೆ ಬಂದ. ಶೋಲೆಯ ಗೂಡ್ಸ್ ರೈಲಿನ ಜಗಳ ನಮ್ಮ ಕಡೆಯದಲ್ಲ, ಅದನ್ನು ಚಿತ್ರಿಸಿದ್ದು ಪನ್ವೇಲ್ ಹತ್ತಿರ, ಮುಂಬೈ–ಪುಣೆ ದಾರಿಯಲ್ಲಿ. ನಮ್ಮ ಪಾಲಿಗೆ ಬಂದದ್ದು ಬಂಡೆ ಮಾತ್ರ, ಅದೂ ಜನ ಇಲ್ಲದ ಬಂಡೆ.

ಆ ಬಂಡೆಯನ್ನು ಒಡೆದು ತಿಂದವರು ಬೇರೆ, ಒಡೆದು ಸತ್ತವರು ಬೇರೆ. ಕನಕಪುರ, ರಾಮನಗರ, ಮಾಗಡಿಯ ಕ್ವಾರಿಗಳಲ್ಲಿ ಉಳಿ, ಚಮ್ಮಟಿಗೆ ಹಿಡಿದದ್ದು ಭೋವಿಗಳು, ಹೊಲೆಯ-ಮಾದಿಗರು, ತಮಿಳುನಾಡಿನಿಂದ ಸಂಸಾರ ಸಮೇತ ಬಂದವರು. ಆಮೇಲೆ ಜಾಕ್‌ಹ್ಯಾಮರ್ ಬಂತು, ವೈರ್ ಸಾ ಬಂತು. ಧೂಳು ಮಾತ್ರ ಹಂಗೇ ಉಳೀತು. ನಮ್ಮ ದೊಡ್ಡಪ್ಪ ಒಂದು ಕ್ವಾರಿಯಲ್ಲಿ ಮುಂಗಡ ತಗೊಂಡು ಸೇರಿದವರು. ಹದಿನಾಲ್ಕು ವರ್ಷ ದುಡಿದರೂ ಲೆಕ್ಕದ ಪುಸ್ತಕದಲ್ಲಿ ಸಾಲ ತೀರಲಿಲ್ಲ. ಕೊನೆಗೆ ಕೆಮ್ಮಿ ಕೆಮ್ಮಿ ಹೋದರು. ಟಿಬಿ ಅಂದರು. ಕಲ್ಲಿನ ಧೂಳು ಅಂತ ಯಾವ ಚೀಟಿಯಲ್ಲೂ ಬರೆಯಲಿಲ್ಲ.

ದೊಡ್ಡಪ್ಪನಿಗೆ ಹಾಜರಾತಿ ಚೀಟಿ ಇರಲಿಲ್ಲ. ಆದರೆ ಅವರು ತೆಗೆದ ಒಂದೊಂದು ಕಲ್ಲಿಗೂ ದಾಖಲೆ ಇತ್ತು! ಚೌಕ ಮಾಡಿದ ಬ್ಲಾಕಿನ ಮೇಲೆ ಬಣ್ಣದಲ್ಲಿ ನಂಬರ್, ಉದ್ದ, ಅಗಲ, ಎತ್ತರ. ರಾಜಧನ ಕಟ್ಟಿದ ಪರ್ಮಿಟ್. ಲಾರಿ ನಂಬರ್. ಬಂದರಿನಲ್ಲಿ ಹಡಗಿನ ಕಾಗದ. ಕಲ್ಲಿಗೆ ಕ್ವಾರಿಯಿಂದ ಪರದೇಶದವರೆಗೂ ಗುರುತಿದೆ, ಕಲ್ಲು ತೆಗೆದವನಿಗೆ ಗೇಟಿನಾಚೆ ಗುರುತಿಲ್ಲ.

1956ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 'ಐಡಿಯಲ್ ಎಕ್ಸ್' ಅನ್ನುವ ಹಡಗು 58 ಕಬ್ಬಿಣದ ಪೆಟ್ಟಿಗೆ ಹೊತ್ತು ಹೊರಟಿತು. ಕಂಟೇನರ್ ಯುಗ ಶುರುವಾದದ್ದು ಅಲ್ಲಿಂದ ಅಂತಾರೆ. ಪೆಟ್ಟಿಗೆ ಬಂದ ಮೇಲೆ ಸಾಗಾಟ ಅಗ್ಗವಾಯಿತು, ಜೊತೆಗೆ ಒಳಗೇನಿದೆ ಅಂತ ಕಾಣದಂಗಾಯಿತು. ಅಲನ್ ಸೆಕುಲಾ ಅನ್ನುವ ಅಮೆರಿಕದ ಫೋಟೋಗ್ರಾಫರ್ ವರ್ಷಗಟ್ಟಲೆ ಬಂದರು, ಹಡಗು, ನಾವಿಕರ ಹಿಂದೆ ತಿರುಗಿ 1995ರಲ್ಲಿ 'ಫಿಶ್ ಸ್ಟೋರಿ' ಅನ್ನುವ ಪುಸ್ತಕ ತಂದ. ಜಾಗತಿಕ ವ್ಯಾಪಾರ ಗಾಳಿಯಲ್ಲಿ ನಡೆಯಲ್ಲ, ಮನುಷ್ಯರ ಬೆನ್ನ ಮೇಲೆ ನಡೆಯುತ್ತೆ ಅಂತ ತೋರಿಸೋದು ಅವನ ಹಟ. ನಮಗೆ ಅವನ ಹಟ ಬೇಕು. ಆದರೆ ಅವನು ಬಂದರಿನಿಂದ ನೋಡಿದ್ದನ್ನು ನಾವು ಕ್ವಾರಿಯಿಂದ, ಫಿಲೇಚರಿನಿಂದ ನೋಡಬೇಕು. ಇಲ್ಲಿ ಯಾವ ಬೆನ್ನ ಮೇಲೆ ಯಾವ ಹೊರೆ ಅನ್ನೋದನ್ನು ಜಾತಿ ಮೊದಲೇ ಗೊತ್ತು ಮಾಡಿರುತ್ತೆ.

ಓದಿದವರು ಇದಕ್ಕೆಲ್ಲ 'ಸಪ್ಲೈ ಚೈನ್' ಅಂತಾರೆ. ಪಕ್ಕದ ಮಂಡ್ಯ ಜಿಲ್ಲೆ, ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿ ನೆನಪಿದೆಯಾ? 2000ನೇ ಇಸವಿ. ಅಲ್ಲಿನ ಕಲ್ಲು ಕ್ವಾರಿಯಲ್ಲಿ ಕೂಲಿಗಳನ್ನು ಕಾಲಿಗೆ ಸರಪಳಿ ಹಾಕಿ ದುಡಿಸುತ್ತಿದ್ದರು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು ಅಷ್ಟು ಹೊತ್ತಿಗೆ 24 ವರ್ಷ. ಬೇರೆಯವರಿಗೆ ಚೈನ್ ಅನ್ನೋದು ಮ್ಯಾನೇಜ್‌ಮೆಂಟ್ ಪಾಠದ ಮಾತು. ನಾವು ಅದನ್ನು ಕಾಲಲ್ಲಿ ಕಂಡಿದ್ದೀವಿ.

ಕಲ್ಲು ಕೊನೆಗೆ ಎಲ್ಲಿಗೆ ಹೋಗುತ್ತೆ? ಅಡುಗೆಮನೆ ಕಟ್ಟೆಗೆ, ನೆಲಕ್ಕೆ, ಜೊತೆಗೆ ಯುರೋಪಿನ ಸಮಾಧಿಗಳಿಗೆ. ದಕ್ಷಿಣ ಭಾರತದ ಗ್ರಾನೈಟು ಅಲ್ಲಿನ ಸ್ಮಶಾನಗಳಲ್ಲಿ ನಿಂತಿದೆ. 2017ರಲ್ಲಿ ನೆದರ್ಲೆಂಡ್ಸಿನ ಒಂದು ಸಂಸ್ಥೆ ಕರ್ನಾಟಕ, ತೆಲಂಗಾಣ, ಆಂಧ್ರದ ಕ್ವಾರಿಗಳನ್ನು ನೋಡಿ, ಮುಂಗಡದ ಸಾಲ, ಸುರಕ್ಷತೆ ಇಲ್ಲದ ಕೆಲಸ, ಅದೇ ಕಲ್ಲು ತರಿಸಿಕೊಳ್ಳುವ ಯುರೋಪಿನ ಖರೀದಿದಾರರು ಎಲ್ಲವನ್ನೂ ಒಂದೇ ವರದಿಯಲ್ಲಿ ಜೋಡಿಸಿತು. ಜರ್ಮನಿಯ ಕೆಲವು ರಾಜ್ಯಗಳು ಮಕ್ಕಳ ದುಡಿಮೆಯಿಂದ ಬಂದ ಸಮಾಧಿ ಕಲ್ಲು ಬೇಡ ಅಂತ ಕಾನೂನು ಮಾಡಿದವು. ಎರಡು ತುದಿಯನ್ನು ಒಟ್ಟಿಗೆ ತೋರಿಸಿದಾಗ ಆ ಕಡೆಯವರಿಗೆ ತಪ್ಪಿಸಿಕೊಳ್ಳೋಕೆ ಜಾಗ ಉಳಿಯಲ್ಲ.

ಈ ಕಡೆ? ನಮ್ಮ ಎಷ್ಟೋ ಕೇರಿಗಳಿಗೆ ಹೆಣ ಹೂಳೋಕೆ ಜಾಗ ಇಲ್ಲ. ಸ್ಮಶಾನಕ್ಕೆ ಎರಡು ಎಕರೆ ಕೊಡಿ ಅಂತ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತಿದ್ದೀನಿ. ಹೊರಗಿನವರ ಗೋರಿಗೆ ನಮ್ಮ ಕಲ್ಲು, ಅದರ ಮೇಲೆ ಚೆಂದದ ಅಕ್ಷರದಲ್ಲಿ ಅವರ ಹೆಸರು. ಕಲ್ಲು ತೆಗೆದ ದೊಡ್ಡಪ್ಪನನ್ನು ಕೆರೆ ಅಂಗಳದಲ್ಲಿ ಹೂತೆವು. ಆ ವರ್ಷದ ಮಳೆಗೆ ಗುರುತಿಗಿಟ್ಟ ಕಲ್ಲೂ ನೀರೊಳಗೆ ಹೋಯಿತು.

ಬಾಬಾಸಾಹೇಬರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ, 1943ರ ಡಿಸೆಂಬರ್‌ನಲ್ಲಿ ಧನಬಾದಿನ ಕಲ್ಲಿದ್ದಲು ಗಣಿಯೊಳಕ್ಕೆ ಇಳಿದು ನೋಡಿದರು. ಕಡತ ದೆಹಲಿಯಲ್ಲೇ ಇತ್ತು, ಕೂತು ಓದಬಹುದಿತ್ತು. ಅವರು ಕೆಲಸ ನಡೆಯುವ ಜಾಗಕ್ಕೇ ಹೋದರು.

ಈಗ ನಮ್ಮ ಹುಡುಗರ ಕೈಯಲ್ಲೂ ಕ್ಯಾಮೆರಾ ಇದೆ. ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಅಂತಾಯಿತು, ನೆಲದ ಬೆಲೆ ಏರುತ್ತೆ, ಗೋಡೌನು ಬರುತ್ತೆ, ಲಾರಿ ಜಾಸ್ತಿಯಾಗುತ್ತೆ. ಆದ್ದರಿಂದ ನನ್ನ ಕೋರಿಕೆ ಇಷ್ಟು. ಲಾರಿಯ ಫೋಟೋ ತೆಗೆದರೆ ತುಂಬುವವರ ಜೊತೆ ತೆಗೆಯಿರಿ, ಅವರನ್ನು ಕೇಳಿ ತೆಗೆಯಿರಿ. ಬ್ಲಾಕಿನ ನಂಬರ್, ತಾರೀಕು, ಜಾಗ ಬರೆದಿಡಿ. ಕೂಲಿ ಚೀಟಿ, ಮುಂಗಡದ ಪುಸ್ತಕ, ಆಸ್ಪತ್ರೆ ಚೀಟಿ ಸಿಕ್ಕರೆ ಅದರದ್ದೂ ಫೋಟೋ ಇರಲಿ. ಮಕ್ಕಳ ಮುಖ ಹಾಕಬೇಡಿ, ಕೆಲಸ ಕಳೆದುಕೊಳ್ಳುವ ಭಯ ಇರುವವರ ಮುಖ ಹಾಕಬೇಡಿ, ಅವರ ಕೈ ಸಾಕು. ಹಳೇ ಫೋಟೋ ಮನೆಯ ಟ್ರಂಕಿನಲ್ಲಿದ್ದರೆ ಹುಡುಕಿ, ಹಿಂದೆ ಹೆಸರು ಬರೆಯಿರಿ. ಹಿರಿಯರು ಬದುಕಿರುವಾಗಲೇ ಕೇಳಿ ಬರೆಯಿರಿ.

ನಮ್ಮವ್ವನ ಕೈಯ ಫೋಟೋ ಒಂದೂ ಇಲ್ಲ. ನಿಮ್ಮವ್ವನದ್ದು ಇರಲಿ.

ಜೈ ಭೀಮ್.