ಸುರಪುರದ ಟೇಲರ್ ಮಂಜಿಲ್

ದೇವದುರ್ಗದಿಂದ ಹೊರಟು ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ಸುರಪುರವನ್ನು ಸೇರುವ ಯಾತ್ರಿಕನು, ಹೆಬ್ಬಂಡೆಗಳ ಗುಡ್ಡಗಳು ಸುತ್ತುವರಿದ ಆ ಊರಿನ ಎತ್ತರದಲ್ಲಿ ನಿಂತಿರುವ ಟೇಲರ್ ಮಂಜಿಲನ್ನು ನೋಡದೆ ಮರಳಬಾರದು. ಸುರಪುರವು ಈಗ ಯಾದಗಿರಿ ಜಿಲ್ಲೆಗೆ ಸೇರಿದ್ದರೂ ರಾಯಚೂರು ಸೀಮೆಯವರಾದ ನಾವು ಅದನ್ನು ಪರಸ್ಥಳವೆಂದು ಎಣಿಸಲಾರೆವು. ದೇವದುರ್ಗವೂ ಒಂದು ಕಾಲಕ್ಕೆ, ಸುರಪುರವನ್ನು ಆಳಿದವರಂತೆ, ಬೇಡನಾಯಕರ ನೆಲೆಯೇ ಆಗಿದ್ದಿತು.

1705ರಲ್ಲಿ ವಾಗಿನಗೇರಿಯ ಕೋಟೆಯಲ್ಲಿ ನಿಂತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಪಿಡ್ಡನಾಯಕನ ವಂಶದಲ್ಲಿ, 1840ರ ದಶಕದ ಆರಂಭಕ್ಕೆ ಉಳಿದಿದ್ದ ಉತ್ತರಾಧಿಕಾರಿಯು ಬಾಲಕನಾದ ವೆಂಕಟಪ್ಪನಾಯಕನು. ತಾಯಿ ಈಶ್ವರಮ್ಮನ ಕಾಲದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದ ಫಿಲಿಪ್ ಮೆಡೋಸ್ ಟೇಲರನು, ನಿಜಾಮನ ಸೇನೆಯ ಅಧಿಕಾರಿ, ಕಾದಂಬರಿಕಾರ, ಚಿತ್ರಕಾರ. ಈ ಗುಡ್ಡದ ಮೇಲೆ ಮನೆಯನ್ನು ಕಟ್ಟಿಸಿಕೊಂಡು, ಬೋನಾಳದ ಕೆರೆಯನ್ನು ಸುಧಾರಿಸಿ, ಸುತ್ತಣ ಶಿಲಾಸಮಾಧಿಗಳನ್ನು ಅಗೆದು ಶೋಧಿಸಿ, 1853ರವರೆಗೆ ಇಲ್ಲಿ ಬಾಳಿದನು. ಬಾಲರಾಜನು ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. ಆ ಕರೆಯಲ್ಲಿ ಕಪಟವಿದ್ದಿತೆಂದು ನನಗೆ ತೋರುವುದಿಲ್ಲ. ಆದರೂ ಸಲಹಿದ ಕೈಯೂ ಆಳಿದ ಕೈಯೂ ಒಂದೇ ಆಗಿದ್ದುದನ್ನು ಮರೆಯುವಂತಿಲ್ಲ.

1858ರ ಫೆಬ್ರವರಿಯಲ್ಲಿ ಸುರಪುರವು ಆಂಗ್ಲರ ವಿರುದ್ಧ ಶಸ್ತ್ರವನ್ನೆತ್ತಿತು. ಸೋಲಿನ ಬಳಿಕ ಹೈದರಾಬಾದಿಗೆ ಹೋದ ಅರಸನು ಅಲ್ಲಿ ಸೆರೆಯಾದನು. ಸೆರೆಮನೆಗೆ ಕಾಣಲು ಬಂದ ಟೇಲರನನ್ನು ಆ ತರುಣನು ಅಪ್ಪಿ ಹಿಡಿದು ಅತ್ತನೆಂಬುದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿರುವನು. ಶಿಕ್ಷೆಯು ಕಡೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕಿಳಿಯಿತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲಿಯೇ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನ ಪ್ರಾಣ ಹೋಯಿತು. ಅದು ಆತ್ಮಹತ್ಯೆಯೆಂದು ಸರಕಾರದ ವರದಿ.

1853ರಲ್ಲಿ ಆಂಗ್ಲರ ವಶಕ್ಕೆ ಹೋಗಿದ್ದ ರಾಯಚೂರು ದೋಆಬವು 1860ರಲ್ಲಿ ನಿಜಾಮನಿಗೆ ಮರಳಿದಾಗ ಸುರಪುರವೂ ಅವನಿಗೇ ಸಂದಿತು. ಹೊಳೆಯ ಎರಡು ದಂಡೆಗಳಿಗೂ ಒಬ್ಬನೇ ಒಡೆಯನಾದನು. ಅದೇ ವರ್ಷ ಟೇಲರನೂ ಸ್ವದೇಶಕ್ಕೆ ತೆರಳಿದನು. ಅವನ ಮನೆಯು ಮುಂದೆ ಪ್ರವಾಸಿಗರ ಬಂಗಲೆಯಾಗಿ ಬಳಕೆಗೆ ಬಂದುದರಿಂದ, ಅದೆಷ್ಟೋ ವಾಡೆಗಳಂತೆ ಹಾಳುಬೀಳದೆ ಉಳಿಯಿತು. ಮಕ್ಕಳನ್ನು ಇಲ್ಲಿಗೆ ಕರೆತರುವ ಉಪಾಧ್ಯಾಯರು ಮನೆಯನ್ನು ಕಟ್ಟಿಸಿದವನ ಹೆಸರನ್ನು ಹೇಳಿ ನಿಲ್ಲಿಸದೆ, ಅವನನ್ನು ಅಪ್ಪನೆಂದು ಕರೆದ ಅರಸನ ಕಥೆಯನ್ನೂ ಇಲ್ಲಿಯೇ ಹೇಳಬೇಕೆಂದು ನನ್ನ ಆಸೆ.